ಕೊಯ್ದ ಹೂವಿನ ಆಯುಷ್ಯ

ಮುಂಜಾನೆ ಕೊಯ್ದು ಹೂದಾನಿಯಲ್ಲಿರಿಸಿದ ಹೂವು ನಾಲ್ಕಾರು ದಿನಗಳಲ್ಲಿ ಕಳೆಗುಂದಿ ಬಾಗಿದಾಗ, ಬೇರಿನಿಂದ ಅಗಲಿದ ಬಡಪಾಯಿಗೆ ನೀರು ಸಾಲದೆ ಹೋಯಿತೆಂದು ಮರುಗುವುದು ನಮ್ಮ ವಾಡಿಕೆ. ನೀರಿನ ಕೊರತೆಯೂ ದಂಟಿನ ತುದಿಯನ್ನು ಕಟ್ಟಿಬಿಡುವ ಸೂಕ್ಷ್ಮಜೀವಿಗಳೂ ಹೂವಿನ ಶತ್ರುಗಳೆಂಬುದು ದಿಟವೇ. ಆದರೆ ದಿನದಿನವೂ ಬದಲಿಸಿದ ತಿಳಿನೀರಿನಲ್ಲಿ ನಿಂತ ಹೂವೂ ಬಾಡುವುದನ್ನು ಕಂಡವರಿಗೆ, ಮುಪ್ಪಿನ ಮೂಲವು ಹೂವಿನೊಳಗೇ ಇದ್ದಿರಬೇಕೆಂಬ ಸಂದೇಹ ಮೂಡದಿರದು.

ಈ ಸಂದೇಹವನ್ನು ಬಿಡಿಸುವ ಎಳೆಯೊಂದು ದೊರೆತುದು ಅಮೆರಿಕದ ಷಿಕಾಗೋ ನಗರದಲ್ಲಿ. ಅಲ್ಲಿಯ ಗಾಜಿನಮನೆಗಳಿಗೆ ತಂದಿರಿಸಿದ ಕಾರ್ನೇಷನ್ ಹೂಗಳು ದಳಗಳನ್ನು ಒಳಕ್ಕೆ ಸುರುಳಿಸಿಕೊಂಡು 'ನಿದ್ರೆ' ಹೋಗುತ್ತಿದ್ದುವು. ದೀಪ ಉರಿಸುವ ಅನಿಲವು ಕೊಳವೆಗಳಿಂದ ಸೋರಿದುದೇ ಇದಕ್ಕೆ ಕಾರಣವೆಂದೂ, ಆ ಅನಿಲದಲ್ಲಿ ಬೆರೆತಿದ್ದ ಎಥಿಲೀನೇ ಮುಖ್ಯ ಅಪರಾಧಿಯೆಂದೂ ೧೯೦೮ರಲ್ಲಿ ಕ್ರಾಕರ್ ಮತ್ತು ನೈಟ್ ಎಂಬ ಸಸ್ಯಶಾಸ್ತ್ರಜ್ಞರು ತೋರಿಸಿಕೊಟ್ಟರು. ೨೦ ಲಕ್ಷ ಭಾಗ ಗಾಳಿಯಲ್ಲಿ ಒಂದು ಭಾಗ ಎಥಿಲೀನ್ ೧೨ ಗಂಟೆ ಇದ್ದರೆ ಸಾಕು, ಅರಳಿದ ಹೂವು ಮುಚ್ಚಿಕೊಳ್ಳುತ್ತಿತ್ತು. ಮುಂದೆ ೧೯೩೪ರಲ್ಲಿ, ಮಾಗುವ ಸೇಬು ತಾನೇ ಎಥಿಲೀನನ್ನು ಹೊರಸೂಸುವುದೆಂದು ಇಂಗ್ಲೆಂಡಿನ ಗೇನ್ ಸಾಧಿಸಿ ತೋರಿಸಿದಾಗ, ಕೊಳವೆಯ ವಿಷವೆಂದು ಎಣಿಸಿದ್ದ ವಸ್ತುವು ಸಸ್ಯದ ಸ್ವಂತ ಹಾರ್ಮೋನೆಂದು ತಿಳಿಯುವ ದಾರಿ ತೆರೆಯಿತು.

ಬಾಡುತ್ತಿರುವ ಕಾರ್ನೇಷನ್ನಿನ ದಳಗಳನ್ನು ಬೆರಳಿನಿಂದ ಬಿಡಿಸಿ ನೋಡಿದರೆ, ಸುತ್ತಲೂ ಸುಕ್ಕು ಕವಿದಿರುವಾಗ ನಡುವಣ ಅಂಡಾಶಯವು ಮಾತ್ರ ಹಸುರಾಗಿ ಉಬ್ಬುತ್ತಿರುವುದು ಕಾಣುವುದು. ಎಥಿಲೀನ್ ಮೊದಲು ಹೆಚ್ಚುವುದು ಹೂವಿನ ಈ ಸ್ತ್ರೀಭಾಗದಲ್ಲಿಯೇ. ಆ ಸೂಚನೆಯನ್ನು ಪಡೆದ ದಳಗಳು, ಕಿಡಿಯಿಂದ ಕಿಡಿ ಹೊತ್ತಿಕೊಂಡಂತೆ, ತಾವೂ ಎಥಿಲೀನನ್ನು ತಯಾರಿಸತೊಡಗಿ, ತಮ್ಮ ಸಾರವನ್ನು ಅಂಡಾಶಯಕ್ಕೆ ಬಿಟ್ಟುಕೊಟ್ಟು ಕುಗ್ಗುತ್ತವೆ. ಪರಾಗಸ್ಪರ್ಶವಾದ ಹೂವಿನಲ್ಲಿ ಇದು ಇನ್ನೂ ಬೇಗ; ಕೀಟವನ್ನು ಕರೆವ ಕೆಲಸ ಮುಗಿದ ಮೇಲೆ ದಳಗಳನ್ನು ಸಾಕುವುದು ಗಿಡಕ್ಕೆ ದುಂದುವೆಚ್ಚವಲ್ಲವೆ?

ತಕ್ಕಡಿಯ ಮತ್ತೊಂದು ತಟ್ಟೆಯಲ್ಲಿ ಯೌವನವನ್ನು ಕಾಯುವ ಸೈಟೊಕೈನಿನ್ ಎಂಬ ಹಾರ್ಮೋನುಗಳಿವೆ. ಇವು ಬಹುಮಟ್ಟಿಗೆ ಬೇರಿನಿಂದ ಮೇಲೇರಿ ಬರುವುದರಿಂದ, ಕತ್ತರಿಯ ಒಂದೇ ಹೊಡೆತಕ್ಕೆ ಆ ಪೂರೈಕೆ ನಿಂತುಹೋಗುವುದು. ದೀರ್ಘಕಾಲ ಬಾಳುವ ಗುಲಾಬಿ ತಳಿಯ ದಳಗಳಲ್ಲಿ ಅಲ್ಪಾಯು ತಳಿಗಿಂತ ಸೈಟೊಕೈನಿನ್ ಅಧಿಕವೆಂದು ಇಸ್ರೇಲಿನ ಮಾಯಕ್ ಮತ್ತು ಹಲೇವಿ ೧೯೭೦ರಲ್ಲಿ ಕಂಡರು. ಅಬ್ಸಿಸಿಕ್ ಆಮ್ಲವೆಂಬ ಇನ್ನೊಂದು ಹಾರ್ಮೋನಾದರೋ ಮುಪ್ಪಿನ ಪಕ್ಷದ್ದು. ಆದರೆ ಎಲ್ಲ ಹೂಗಳೂ ಒಂದೇ ಸ್ವಭಾವದವಲ್ಲ. ಗ್ಲಾಡಿಯೋಲಸ್, ಐರಿಸ್ ಮೊದಲಾದವುಗಳ ದಳಗಳು ಎಥಿಲೀನಿನ ಮಾತಿಗೆ ಅಷ್ಟಾಗಿ ಕಿವಿಗೊಡದೆ ತಮ್ಮದೇ ಗತಿಯಲ್ಲಿ ಮುದಿಯಾಗುತ್ತವೆ.

ಕಿವಿಗೊಡುವ ಹೂಗಳ ಕಿವಿಯನ್ನೇ ಮುಚ್ಚುವ ಉಪಾಯವನ್ನು ಮನುಷ್ಯನು ಕಂಡುಕೊಂಡನು. ಹಾಲೆಂಡಿನಲ್ಲಿ ೧೯೭೮ರಲ್ಲಿ ಪರೀಕ್ಷಿಸಲ್ಪಟ್ಟ ಬೆಳ್ಳಿಯ ಥಯೋಸಲ್ಫೇಟ್ ದ್ರಾವಣವು ದಂಟಿನ ಮೂಲಕ ಏರಿ, ಎಥಿಲೀನನ್ನು ಗ್ರಹಿಸುವ ಪ್ರೋಟೀನನ್ನು ನಿಷ್ಕ್ರಿಯಗೊಳಿಸಿ, ಕಾರ್ನೇಷನ್ನಿನ ಆಯುಷ್ಯವನ್ನು ಇಮ್ಮಡಿಯಷ್ಟು ಬೆಳೆಸಬಲ್ಲುದು. ಬೆಳ್ಳಿಯು ನೀರಿಗೂ ನೆಲಕ್ಕೂ ಹಿತವಲ್ಲವಾದುದರಿಂದ, ಅಮೆರಿಕದ ಸಿಸ್ಲರ್ ಮತ್ತು ಬ್ಲಾಂಕೆನ್‌ಷಿಪ್ ಮುಂದೆ ಅದೇ ಪ್ರೋಟೀನೆಂಬ ಬೀಗಕ್ಕೆ ಹೊಂದುವ ಅನಿಲವೊಂದನ್ನು ಒದಗಿಸಿದರು.

ಇವಾವುವೂ ಕೈಗೆಟುಕದ ಗೃಹಸ್ಥನು ಇಷ್ಟನ್ನು ನೆನಪಿನಲ್ಲಿಟ್ಟರೆ ಸಾಕು: ಮಾಗಿದ ಬಾಳೆಯ ಚಿಪ್ಪಿನ ಮಗ್ಗುಲಲ್ಲಿ ಕಾರ್ನೇಷನ್ನಿನ ಹೂದಾನಿಯನ್ನಿಟ್ಟವನು, ಷಿಕಾಗೋದ ಸೋರುವ ಕೊಳವೆಯನ್ನು ತನ್ನ ಮೇಜಿನ ಮೇಲೆ ತಂದಿರಿಸಿಕೊಂಡಂತೆಯೇ ಸರಿ.