ಕಾಮಠಿಯ ಕಪ್ಪು ನೆಲ ಮತ್ತು ಹಸಿರು ಮೇವು

ನಾಗಪುರದ ಈಶಾನ್ಯಕ್ಕೆ, ಕನ್ಹಾನ್ ನದಿಯ ದಂಡೆಯಲ್ಲಿರುವ ಕಾಮಠಿಯು 1821ರಲ್ಲಿ ಬ್ರಿಟಿಷರು ಸ್ಥಾಪಿಸಿದ ದಂಡುಪ್ರದೇಶ. ಮದ್ರಾಸ್ ಸೈನ್ಯದ ಪದಾತಿ ಹಾಗೂ ಅಶ್ವದಳಗಳು ಇಲ್ಲಿ ಬೀಡುಬಿಟ್ಟಿದ್ದವು. ಸಾವಿರಾರು ಮಂದಿ ಸೈನಿಕರಿಗೆ ಹಾಲು, ಅವರ ಕುದುರೆಗಳಿಗೆ ಹುಲ್ಲು ಪ್ರತಿದಿನವೂ ಬೇಕು; ಆದುದರಿಂದ ಮೇವಿನ ಚಿಂತೆ ಈ ಊರಿಗೆ ಹೊಸದೇನಲ್ಲ.

ಸುತ್ತಲಿನ ಕಪ್ಪು ಭೂಮಿಯಲ್ಲಿ ಹಿಂದೆ ಈ ಚಿಂತೆಯನ್ನು ನೀಗುತ್ತಿದ್ದುದು ಜೋಳ. ತೆನೆ ಮನೆಗೆ, ದಂಟು ಹಟ್ಟಿಗೆ. ವಿದರ್ಭದವರು 'ಕಡಬಾ' ಎನ್ನುವ ಈ ಒಣದಂಟನ್ನೇ ವಿಜಯಪುರ, ಕಲಬುರಗಿಯ ಕಡೆಯಿಂದ ಬಂದ ನಮ್ಮವರು 'ಕಣಿಕೆ' ಎನ್ನುವರು. 1980ರ ದಶಕದ ನಂತರ ಸೋಯಾಬೀನ್ ಹಬ್ಬಿದಂತೆ ಜೋಳದ ಹೊಲಗಳು ಕಿರಿದಾದವು. ಸೋಯಾಬೀನಿನ ಹೊಟ್ಟು ಒರಟು, ದನಗಳಿಗೆ ಅಷ್ಟಾಗಿ ರುಚಿಸದು. ಹತ್ತಿಯ ಕಡ್ಡಿಯಂತೂ ಒಲೆಗೇ ಸರಿ. ಧಾನ್ಯದ ಜೊತೆಗೆ ತಾನಾಗಿಯೇ ದೊರೆಯುತ್ತಿದ್ದ ಮೇವನ್ನು ಈಗ ಪ್ರತ್ಯೇಕ ಬೆಳೆಯಾಗಿ ಬಿತ್ತಬೇಕಾಗಿದೆ. ಕರೆಯುವ ಒಂದು ಹಸುವಿಗೆ ದಿನಕ್ಕೆ 15ರಿಂದ 25 ಕಿಲೋ ಹಸಿರು ಮೇವು, ಐದಾರು ಕಿಲೋ ಒಣ ಮೇವು ಬೇಕೆಂಬುದನ್ನು ನೆನೆದರೆ ಇದರ ಭಾರ ತಿಳಿಯುತ್ತದೆ.

ಮುಂಗಾರಿನಲ್ಲಿ ಮೇವಿನ ಜೋಳ, ಸಜ್ಜೆ ಮತ್ತು ಮೆಕ್ಕೆಜೋಳ ಬಿತ್ತಬಹುದು. 'ಆಫ್ರಿಕನ್ ಟಾಲ್' ಎಂಬ ಮೆಕ್ಕೆಜೋಳದ ತಳಿ ನೀರು, ಗೊಬ್ಬರ ಚೆನ್ನಾಗಿ ದೊರೆತರೆ ಸುಮಾರು ಎರಡೂವರೆ ತಿಂಗಳಲ್ಲಿ ಎಕರೆಗೆ 16ರಿಂದ 20 ಟನ್ ಹಸಿರು ಮೇವು ಕೊಡುತ್ತದೆ. ಸಾಲುಗಳ ನಡುವೆ ಅಲಸಂದೆ ಹಾಕಿದರೆ ಮೇವಿನಲ್ಲಿ ಸಸಾರಜನಕದ ಅಂಶ ಹೆಚ್ಚುತ್ತದೆ.

ಜೋಳದ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ ಅವಶ್ಯ. ಎಳೆಯ ಜೋಳದ ಎಲೆಯಲ್ಲಿ ಧುರಿನ್ ಎಂಬ ವಸ್ತುವಿದೆ. ದನವು ಅಗಿದಾಗ ಅದು ಒಡೆದು ಹೈಡ್ರೋಜನ್ ಸಯನೈಡ್ ಹೊರಬರುತ್ತದೆ. ರಕ್ತದಲ್ಲಿ ಆಮ್ಲಜನಕವಿದ್ದರೂ ಜೀವಕೋಶಗಳು ಅದನ್ನು ಬಳಸಿಕೊಳ್ಳಲಾರವು. ಏದುಸಿರು, ಬಾಯಲ್ಲಿ ನೊರೆ, ನಡುಕ. ಕೆಲವೊಮ್ಮೆ ಕೆಲವೇ ನಿಮಿಷಗಳಲ್ಲಿ ಸಾವು. ಮಳೆ ಕೈಕೊಟ್ಟು ಬಾಡಿದ ಪೈರು, ಬರದ ನಂತರದ ಮೊದಲ ಮಳೆಗೆ ಒಡೆದ ಹೊಸ ಚಿಗುರು, ಕೊಯ್ದ ಮೇಲೆ ಬರುವ ಕೂಳೆಯ ಚಿಗುರು, ಯೂರಿಯಾ ಹೆಚ್ಚಾದ ಹೊಲ, ಇವು ಬಲು ಅಪಾಯಕಾರಿ. ವಿಪರ್ಯಾಸವೆಂದರೆ, ಹಸಿದ ದನಕ್ಕೆ ಅತ್ಯಂತ ಆಕರ್ಷಕವಾಗಿ ಕಾಣುವುದೂ ಈ ಚಿಗುರೇ. ಹೂ ಬಿಡುವ ಹಂತದವರೆಗೆ, ಅಂದರೆ ಸಾಮಾನ್ಯವಾಗಿ 50ರಿಂದ 60 ದಿನ ಕಾದು ಕೊಯ್ಯುವುದು ಕ್ಷೇಮ. ಕೊಯ್ದು ಚೆನ್ನಾಗಿ ಒಣಗಿಸಿದರೆ ವಿಷ ಬಹುಮಟ್ಟಿಗೆ ಇಳಿಯುತ್ತದೆ. ದನ ತಿಂದುಬಿಟ್ಟಿತೆಂದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಪಶುವೈದ್ಯರನ್ನು ಕರೆಯಬೇಕು. ಸೋಡಿಯಂ ಥಯೋಸಲ್ಫೇಟ್ ಚುಚ್ಚುಮದ್ದು ಸಕಾಲದಲ್ಲಿ ದೊರೆತರೆ ಪ್ರಾಣ ಉಳಿಯುವುದುಂಟು. ಮೆಕ್ಕೆಜೋಳ, ಸಜ್ಜೆಗಳಲ್ಲಿ ಈ ಭಯವಿಲ್ಲ.

ಹಿಂಗಾರಿಗೆ ನೀರಾವರಿ ಇದ್ದವರು ಓಟ್ಸ್ ಅಥವಾ ಬರ್ಸೀಮ್ ಬೆಳೆಯಬಹುದು. ಬರ್ಸೀಮ್ 1904ರಲ್ಲಿ ಈಜಿಪ್ಟಿನಿಂದ ಸಿಂಧ್ ಪ್ರಾಂತಕ್ಕೆ ಬಂದ ದ್ವಿದಳ ಸಸ್ಯ. ಅಕ್ಟೋಬರಿನಲ್ಲಿ ಎಕರೆಗೆ ಸುಮಾರು 10 ಕಿಲೋ ಬೀಜ ಚೆಲ್ಲಿದರೆ 50-60 ದಿನಕ್ಕೆ ಮೊದಲ ಕೊಯ್ಲು, ಆಮೇಲೆ ತಿಂಗಳಿಗೊಂದರಂತೆ ಬೇಸಿಗೆಯ ಬಿಸಿಲೇರುವವರೆಗೆ ಮತ್ತೆ ಮತ್ತೆ. ಹೊಸ ಹೊಲಕ್ಕಾದರೆ ಬೀಜಕ್ಕೆ ರೈಜೋಬಿಯಂ ಹಚ್ಚುವುದನ್ನು ಮರೆಯಬಾರದು. ಬರ್ಸೀಮನ್ನು ಒಂಟಿಯಾಗಿ ಹೊಟ್ಟೆತುಂಬ ಹಾಕಿದರೆ ಹೊಟ್ಟೆಯುಬ್ಬರವಾಗುವುದರಿಂದ ಒಣ ಮೇವಿನೊಡನೆ ಬೆರೆಸಿ ಕೊಡುವುದು ರೂಢಿ.

ಮೇ ತಿಂಗಳಲ್ಲಿ ಈ ಸೀಮೆಯ ತಾಪ 45 ಡಿಗ್ರಿ ದಾಟುತ್ತದೆ. ಆಗ ಹಸಿರೆಂಬುದು ದುರ್ಲಭ. ಮಳೆಗಾಲದ ಮೆಕ್ಕೆಜೋಳವನ್ನು ಕಾಳು ಹಾಲುತುಂಬಿ ಗಟ್ಟಿಯಾಗುವ ಹೊತ್ತಿಗೆ ಕತ್ತರಿಸಿ, ಗುಂಡಿಯಲ್ಲಿ ಗಾಳಿಯಾಡದಂತೆ ತುಳಿದು ಮುಚ್ಚಿದರೆ ಸುಮಾರು 45 ದಿನಗಳಲ್ಲಿ ಹುಳಿಯಾದ ರಸಮೇವು ಸಿದ್ಧವಾಗುತ್ತದೆ. ಮುಚ್ಚಿದ ಗುಂಡಿಯನ್ನು ಬೇಸಿಗೆಯವರೆಗೂ ತೆರೆಯದೆ ಇಡಬಹುದು. ತೆರೆದ ಮೇಲೆ ಮಾತ್ರ ನಿತ್ಯವೂ ಒಂದು ಪದರ ತೆಗೆಯುತ್ತಿರಬೇಕು. ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ.