ಕಂಪ್ಯೂಟರಿಗೂ ಬೇಕು ದಾಸ್ತಾನು ಪುಸ್ತಕ

ಶಾಲೆಯ ಪ್ರಯೋಗಾಲಯಕ್ಕೆ ಒಂದು ಬೀಕರ್ ಬಂದರೂ ದಾಸ್ತಾನು ಪುಸ್ತಕದಲ್ಲಿ ಬರೆಯಬೇಕು. ಒಡೆದರೆ ಅದನ್ನೂ ನಮೂದಿಸಬೇಕು. ಆದರೆ ಅದೇ ಶಾಲೆಯ ಕಂಪ್ಯೂಟರಿನೊಳಗೆ ಸೇರುವ ತಂತ್ರಾಂಶಗಳ ಲೆಕ್ಕ ಇಡುವವರು ಯಾರು?

ದಾವಣಗೆರೆಯ ಶಿಕ್ಷಕರೊಬ್ಬರು ಲಿನಕ್ಸ್ ಕಂಪ್ಯೂಟರೊಂದನ್ನು ಸಿದ್ಧಪಡಿಸಿ, ಸುಮಾರು 14 ಕಿ.ಮೀ. ದೂರದ ಹರಿಹರದ ಶಾಲೆಗೆ ಕೊಟ್ಟರು ಎನ್ನೋಣ. ಕನ್ನಡ ಬೆರಳಚ್ಚಿಗೆ ಐಬಸ್, ಗಣಿತಕ್ಕೆ ಜಿಯೋಜಿಬ್ರಾ, ಇನ್ನೂ ಏನೇನೋ ಅದರಲ್ಲಿವೆ. ಎರಡು ವರ್ಷದ ಬಳಿಕ ಹಾರ್ಡ್ ಡಿಸ್ಕ್ ಕೆಟ್ಟಿತು. ಅಷ್ಟರಲ್ಲಿ ಶಿಕ್ಷಕರಿಗೆ ದೂರದೂರಿಗೆ ವರ್ಗವಾಗಿದೆ. ಹೊಸ ಡಿಸ್ಕಿಗೆ ಏನೇನು ಹಾಕಬೇಕು? ಹೇಳುವವರಿಲ್ಲ. ಮಕ್ಕಳ ಪಾಠ ನಿಂತಿತು.

ಹಾಗೆಂದು ಲಿನಕ್ಸ್ ಲೆಕ್ಕವಿಡದ ವ್ಯವಸ್ಥೆಯಲ್ಲ. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ನಿನಲ್ಲಿ, ಅದನ್ನು ಆಧರಿಸಿದ ಉಬುಂಟುವಿನಲ್ಲಿ, 'ಡಿಪಿಕೆಜಿ' ಎಂಬ ಉಗ್ರಾಣಿಯಿದ್ದಾನೆ. ಪ್ರತಿ ಪ್ಯಾಕೇಜಿನ ಹೆಸರು, ಆವೃತ್ತಿ, ಕಡತಗಳನ್ನು ಅವನು ಬರೆದಿಡುತ್ತಾನೆ. ಕಡತವೊಂದನ್ನು ತೋರಿಸಿದರೆ ಅದು ಯಾವ ಪ್ಯಾಕೇಜಿನದೆಂದು ಹೇಳುತ್ತಾನೆ. ಪ್ಯಾಕೇಜುಗಳನ್ನು ತರಿಸುವ 'ಆಪ್ಟ್' ತನ್ನ ದಿನಚರಿಯಲ್ಲಿ ದಿನಾಂಕ, ವೇಳೆ, ಕೊಟ್ಟ ಆಜ್ಞೆ ಎಲ್ಲವನ್ನೂ ದಾಖಲಿಸುತ್ತದೆ. 'ಆಪ್ಟ್-ಮಾರ್ಕ್' ಇನ್ನೂ ಜಾಣ. ಮದುವೆಗೆ ಕರೆದವರು ಯಾರು, ಅವರ ಜತೆಗೆ ಬಂದವರು ಯಾರು ಎಂದು ಬೇರ್ಪಡಿಸುವಂತೆ, ನಾವೇ ಕೇಳಿ ಹಾಕಿಸಿದ ಪ್ಯಾಕೇಜುಗಳನ್ನೂ ಅವುಗಳ ಅಗತ್ಯಕ್ಕಾಗಿ ತಾವಾಗಿ ಬಂದವನ್ನೂ ಬೇರೆ ಬೇರೆ ಪಟ್ಟಿ ಮಾಡಿಕೊಡುತ್ತದೆ.

ಆದರೂ ಲೆಕ್ಕ ತಪ್ಪುವ ಜಾಗಗಳಿವೆ. ಮೂಲಸಂಕೇತದಿಂದ ತಂತ್ರಾಂಶ ಕಟ್ಟಿ 'ಮೇಕ್ ಇನ್‌ಸ್ಟಾಲ್' ಎಂದರೆ ಅದು ಹಿತ್ತಿಲ ಬಾಗಿಲಿನಿಂದ ಒಳಬಂದಂತೆ. ಉಗ್ರಾಣಿಗೆ ತಿಳಿಯುವುದೇ ಇಲ್ಲ. ಸ್ನ್ಯಾಪ್, ಫ್ಲಾಟ್‌ಪ್ಯಾಕ್, ಪಿಪ್ ತಮ್ಮ ತಮ್ಮ ಲೆಕ್ಕವನ್ನು ಬೇರೆಯಾಗಿಯೇ ಇಡುತ್ತವೆ. ಆಪ್ಟ್‌ನ ದಿನಚರಿಯಲ್ಲಿಯೂ ಸಾಮಾನ್ಯವಾಗಿ 12 ತಿಂಗಳ ಹಾಳೆಗಳಷ್ಟೇ ಉಳಿಯುತ್ತವೆ, ಹಳೆಯವು ಅಳಿಸಿಹೋಗುತ್ತವೆ. ಡಿಸ್ಕೇ ಸತ್ತರೆ ದಿನಚರಿಯೂ ಅದರೊಡನೆ ಹೋಯಿತು. ಎಲ್ಲಕ್ಕಿಂತ ಮುಖ್ಯವಾಗಿ, 'ಯಾಕೆ ಹಾಕಿದೆವು' ಎಂಬುದನ್ನು ಯಾವ ಯಂತ್ರವೂ ಬರೆದಿಡುವುದಿಲ್ಲ.

ಇದಕ್ಕೆ ಪರಿಹಾರ ಒಂದು ನೋಟ್‌ಬುಕ್. ದಿನಾಂಕ, ತಂತ್ರಾಂಶದ ಹೆಸರು, ಎಲ್ಲಿಂದ ತಂದದ್ದು, ಹೇಗೆ ಹಾಕಿದ್ದು, ಯಾವ ಪಾಠಕ್ಕೆ: ಐದೇ ಕಲಮು ಸಾಕು. ಆಪ್ಟ್-ಮಾರ್ಕ್ ಕೊಡುವ ಪಟ್ಟಿಯನ್ನು ಆಗಾಗ ಮುದ್ರಿಸಿ ಅದರಲ್ಲೇ ಅಂಟಿಸಿದರೆ ಇನ್ನೂ ಲೇಸು.

ಹರಿಹರದವರಿಗೆ ಯಂತ್ರ ಹೊಸದಲ್ಲ. 1941ರಲ್ಲಿ ಅಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್‌ಗಳಿಗೆ ಹೆಸರಾಗಿತ್ತು. ಬಿಡಿಭಾಗ ಬದಲಿಸಿದವನು ಬರೆದಿಟ್ಟರೆ ಮುಂದಿನ ಪಾಳಿಯವನು ಪರದಾಡಬೇಕಿಲ್ಲ ಎಂಬುದು ಯಂತ್ರದ ಜತೆ ದುಡಿದವರಿಗೆಲ್ಲ ಗೊತ್ತು. ಕಂಪ್ಯೂಟರಿಗೂ ಇದೇ ಮಾತು ಸಲ್ಲುತ್ತದೆ.