ಟಿಕೆಟ್ಟಿಲ್ಲದ ಹಾಡಿನ ಊರು

ವಾರಾಂತ್ಯಕ್ಕೆ ಕಲಬುರಗಿಗೆ ಹೊರಟಿದ್ದೇವೆ ಎಂದರೆ ಹೆಚ್ಚಿನವರು ಮೊದಲು ಬಿಸಿಲಿನ ಮಾತೆತ್ತುತ್ತಾರೆ, ಆಮೇಲೆ ಕೋಟೆ ನೋಡಿಕೊಂಡು ಬನ್ನಿ ಎನ್ನುತ್ತಾರೆ. ಎರಡೂ ಸರಿಯೇ. ಹಸನ್ ಗಂಗು 1347ರಲ್ಲಿ ಬಹಮನಿ ರಾಜ್ಯ ಕಟ್ಟಿದಾಗ ಇದು ರಾಜಧಾನಿ. ಕೋಟೆಯೊಳಗೆ 1367ರ ಜಾಮಿಯಾ ಮಸೀದಿ ಇದೆ. ಅಂಗಳವನ್ನೂ ಬಿಡದೆ ಪೂರ್ತಿ ಚಾವಣಿ ಹೊದಿಸಿದ, ಕಮಾನುಗಳ ಸಾಲು ಮುಗಿಯದಂತೆ ಕಾಣುವ ಮಸೀದಿ ಅದು. ಇಷ್ಟು ನೋಡಿ ಸಂಜೆ ರೈಲು ಹತ್ತುವವರೇ ಬಹಳ. ಅವರು ಊರನ್ನು ನೋಡಿದ್ದಾರೆ, ಕೇಳಿಲ್ಲ. ಕಲಬುರಗಿ ಹಾಡುವ ಊರು. ಅದನ್ನು ಕೇಳಬೇಕಾದರೆ ಹೊತ್ತು ಇಳಿಯುವವರೆಗೆ ಕಾಯಬೇಕು, ಶರಣಬಸವೇಶ್ವರರ ಗುಡಿಗೆ ಹೋಗಿ ಕೂರಬೇಕು.

ಶರಣಬಸವೇಶ್ವರರು 1746ರಲ್ಲಿ ಈಗಿನ ಕಲಬುರಗಿ ಜಿಲ್ಲೆಯ ಅರಳಗುಂಡಗಿಯಲ್ಲಿ ಹುಟ್ಟಿದವರು. ಒಕ್ಕಲುತನದ ಮನೆ. ಜೋಳದ ಹೊಲಕ್ಕೆ ಹಕ್ಕಿ ಬಂದರೆ ಎಲ್ಲರೂ ಕವಣೆ ಬೀಸುತ್ತಾರೆ. ಇವರು ಹಕ್ಕಿಗಳಿಗೆ ಕುಡಿಯಲು ನೀರಿಟ್ಟರಂತೆ, ತೆನೆ ತಿನ್ನಲು ಬಿಟ್ಟರಂತೆ, ಆದರೂ ರಾಶಿ ಕಡಿಮೆಯಾಗಲಿಲ್ಲವಂತೆ. ಈ ಕಥೆ ಗೊತ್ತಿಲ್ಲದ ಮಗು ಈ ಭಾಗದಲ್ಲಿ ಸಿಗುವುದಿಲ್ಲ. ಬರಗಾಲ ಬಿಟ್ಟೂ ಬಿಡದೆ ಕಾಡಿದ ನಾಡಿನಲ್ಲಿ ಬಂದವರಿಗೆಲ್ಲ ಉಣಿಸುವುದನ್ನೇ ಅವರು ವ್ರತ ಮಾಡಿಕೊಂಡರು. ಮುಂದೆ ಕಲಬುರಗಿಗೆ ಬಂದು ನೆಲೆಸಿ, 1822ರಲ್ಲಿ ಇಲ್ಲಿಯೇ ಲಿಂಗೈಕ್ಯರಾದರು. ಗರ್ಭಗುಡಿಯಲ್ಲಿ ಅವರ ಮತ್ತು ಅವರ ಗುರು ಮರುಳಾರಾಧ್ಯರ ಮುಖಗಳು ಅವಳಿಜವಳಿಯಾಗಿ ಜೊತೆಗಿವೆ. ಗುರುವನ್ನು ಬಿಟ್ಟು ಶಿಷ್ಯನಿಗೆ ಪೂಜೆ ಇಲ್ಲ.

ಅವರ ನಂತರ ಬೆಳೆದ ದಾಸೋಹ ಸಂಸ್ಥಾನಕ್ಕೆ ಎಂಟನೆಯ ಪೀಠಾಧಿಪತಿಯಾಗಿದ್ದ ಡಾ. ಶರಣಬಸವಪ್ಪ ಅಪ್ಪ ಅವರು 2025ರ ಆಗಸ್ಟ್‌ನಲ್ಲಿ ಲಿಂಗೈಕ್ಯರಾದರು. ಶಾಲೆ, ಕಾಲೇಜು, 2017ರಲ್ಲಿ ವಿಶ್ವವಿದ್ಯಾಲಯ ಎಂದು ಸಂಸ್ಥಾನ ಹರಡಿಕೊಂಡಿದ್ದರೂ ಊರಿನ ಬಾಯಲ್ಲಿ ಮೊದಲು ಬರುವುದು ದಾಸೋಹವೇ. ಗುಡಿಯ ಆವರಣದಲ್ಲಿ ಪರಿಚಯ ಮಾಡಿಕೊಳ್ಳುವ ಮೊದಲೇ ಕೇಳುವ ಮಾತು, ‘ಪ್ರಸಾದ ಆಗ್ಯಾದೇನ್ರಿ?’ ಇಲ್ಲ ಎಂದರೆ, ‘ಬರ್ರಿ, ಕುಂದರ್ರಿ.’ ಉಂಡು ಕೈತೊಳೆದು ಬಂದವರೇ ಸಾಮಾನ್ಯವಾಗಿ ಭಜನೆಗೆ ಕೂರುತ್ತಾರೆ. ಇಲ್ಲಿ ಹಾಡು ದಾಸೋಹದ ಮುಂದುವರಿಕೆ. ಯಾರಿಗೂ ಅಡ್ಡಿಯಿಲ್ಲ, ಯಾರಿಂದಲೂ ಕಾಸಿಲ್ಲ.

ಭಜನೆಯ ಮೇಳ ಕೂರುವ ರೀತಿಯನ್ನೇ ಸ್ವಲ್ಪ ಹೊತ್ತು ನೋಡಬೇಕು. ನಡುವೆ ಪೇಟಿ, ಅದರ ಬಲಕ್ಕೆ ತಬಲಾ, ಸುತ್ತ ತಾಳ ಹಿಡಿದವರು, ಒಬ್ಬರ ಕೈಯಲ್ಲಿ ದಮ್ಮಡಿ, ವಯಸ್ಸಾದವರೊಬ್ಬರ ಹೆಗಲಿಗೆ ಆತುಕೊಂಡ ಏಕತಾರಿ. ಮೊದಲು ಪೇಟಿಯವರು ಸ್ವರ ಹಿಡಿದು ಎಳೆಯುತ್ತಾರೆ. ಮುಂದಾಳು ಕಣ್ಣು ಮುಚ್ಚಿ, ಎಡಗೈ ಕಿವಿಗೆ ಇಟ್ಟು, ಪಲ್ಲವನ್ನು ಒಬ್ಬರೇ ಎತ್ತುತ್ತಾರೆ. ತಾಳವಿಲ್ಲ, ಅವಸರವಿಲ್ಲ. ಎರಡನೆಯ ಸಲ ಹಿಮ್ಮೇಳ ಸೇರುತ್ತದೆ. ಒಂದೊಂದು ನುಡಿ ಮುಗಿದಾಗಲೂ ಪಲ್ಲಕ್ಕೆ ಮರಳಿ ಬರಬೇಕು, ಬರುವಾಗ ಲಯ ಕೂದಲೆಳೆಯಷ್ಟು ಏರಿರುತ್ತದೆ. ಮೂರನೆಯ ನುಡಿಯ ಹೊತ್ತಿಗೆ ತಾಳದವರ ಮೊಣಕಾಲು ತಾನಾಗಿ ಕುಣಿಯುತ್ತಿರುತ್ತದೆ. ಕೊನೆಯ ನುಡಿಯಲ್ಲಿ ಗುರುವಿನ ಅಂಕಿತ ಬಂದ ಕೂಡಲೇ ಎಲ್ಲ ವಾದ್ಯಗಳೂ ಒಟ್ಟಿಗೆ ನಿಲ್ಲುತ್ತವೆ. ಹಾಡಿದವರ ಹೆಸರು ಯಾರೂ ಹೇಳುವುದಿಲ್ಲ. ಕೇಳಿದರೆ ತಮ್ಮ ಊರಿನ ಹೆಸರು ಹೇಳುತ್ತಾರೆ. ಸಂಗೀತ ಶಾಲೆಯ ಮೆಟ್ಟಿಲು ಹತ್ತದ ಒಕ್ಕಲಿಗರು, ಗಾರೆ ಕೆಲಸದವರು ಇಷ್ಟು ಹದವಾಗಿ ಲಯ ಏರಿಸುವುದನ್ನು ಕಂಡು ನನಗೆ ಪ್ರತಿ ಸಲವೂ ಮೈ ಜುಮ್ಮೆಂದಿದೆ.

ಅವರು ಹಾಡುವುದು ಬಸವಾದಿ ಶರಣರ ವಚನ, ಮತ್ತು ಅದಕ್ಕಿಂತ ಹೆಚ್ಚಾಗಿ ತತ್ವಪದ. ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪ ಈ ಪದಗಳ ದೊಡ್ಡ ಹೆಸರು. ಅವರ ಶಿಷ್ಯರಲ್ಲಿ ಖೈನೂರ ಕೃಷ್ಣಪ್ಪನಿದ್ದ, ಚನ್ನೂರ ಜಲಾಲಸಾಬನಿದ್ದ, ತೆಲುಗಬಾಳ ರೇವಪ್ಪನಿದ್ದ. ಬ್ರಾಹ್ಮಣ, ಮುಸಲ್ಮಾನ, ಲಿಂಗಾಯತ, ಹೊಲೆಯ ಎನ್ನದೆ ಒಂದೇ ಗುರುವಿನ ಎದುರು ಕೂತು ಪದ ಕಟ್ಟಿದ ಪರಂಪರೆ ಇದು. ಅಮವಾಸ್ಯೆಯ ರಾತ್ರಿ ಹಳ್ಳಿಯ ಮಠದಲ್ಲಿ, ಸತ್ತವರ ಮನೆಯಲ್ಲಿ, ಜಾತ್ರೆಯಲ್ಲಿ ಬೆಳಗಿನವರೆಗೆ ಈ ಪದಗಳು ನಡೆಯುತ್ತವೆ. ಈಚಿನ ವರ್ಷಗಳಲ್ಲಿ ಇವು ಹತ್ತಾರು ಸಂಪುಟಗಳಾಗಿ ಅಚ್ಚಾಗಿವೆ, ಒಳ್ಳೆಯದೇ ಆಯಿತು. 1966ರಲ್ಲಿ ಶುರುವಾದ ಕಲಬುರಗಿ ಆಕಾಶವಾಣಿಯೂ ಈ ಸೀಮೆಯ ಹಾಡಿಗೆ ಗಾಳಿಯಲ್ಲಿ ಜಾಗ ಕೊಟ್ಟಿತು. ಆದರೂ ಪದದ ಧಾಟಿ ಪುಸ್ತಕದಲ್ಲಿ ಸಿಗದು. ಅದು ಮುಂದಾಳಿನ ಬಾಯಿಂದ ಪಕ್ಕದಲ್ಲಿ ಕೂತ ಹುಡುಗನ ಕಿವಿಗೆ ಹೋಗಬೇಕು.

ಇದೇ ಊರಿನ ಇನ್ನೊಂದು ತುದಿಯಲ್ಲಿ ಖ್ವಾಜಾ ಬಂದೇನವಾಜರ ದರ್ಗಾ ಇದೆ. ದೆಹಲಿಯಿಂದ ಹೊರಟು, ಫಿರೋಜ್‌ ಶಾ ಬಹಮನಿಯ ಕಾಲದಲ್ಲಿ ಇಲ್ಲಿಗೆ ಬಂದು, 1422ರಲ್ಲಿ ತೀರಿಕೊಂಡ ಚಿಶ್ತಿ ಸಂತ. ಚಿಶ್ತಿಗಳಿಗೆ ಹಾಡು ಕೇಳುವುದೂ ದೇವರ ಧ್ಯಾನವೇ. ಜಿಲ್ಕಾದ್ ತಿಂಗಳ ಉರುಸಿನಲ್ಲಿ ಮೆಹಬೂಬ್ ಗುಲ್ಶನ್ ಉದ್ಯಾನದಿಂದ ಗಂಧದ ಮೆರವಣಿಗೆ ಹೊರಡುತ್ತದೆ, ದರ್ಗಾದಲ್ಲಿ ಕವ್ವಾಲಿ ಏರುತ್ತದೆ. ದಖನ್ನಿನ ಈ ಸೂಫಿ ಪರಂಪರೆಯವರು ಹೆಣ್ಣುಮಕ್ಕಳು ಬೀಸುವಾಗ ಹಾಡಿಕೊಳ್ಳಲೆಂದು ‘ಚಕ್ಕಿನಾಮಾ’ಗಳನ್ನು ದಖನಿ ಮಾತಿನಲ್ಲಿ ಕಟ್ಟಿದರು. ಅದೇ ನೆಲದಲ್ಲಿ ಕನ್ನಡದ ಬೀಸುಕಲ್ಲಿನ ಪದಗಳೂ ಇದ್ದವು. ಕವ್ವಾಲಿಯಲ್ಲೂ ಒಬ್ಬ ಎತ್ತಿದ್ದನ್ನು ಹಲವರು ಹಿಡಿಯುತ್ತಾರೆ, ಲಯ ಏರುತ್ತದೆ, ಕೊನೆಗೆ ಗುರುವಿನ ಹೆಸರಿಗೆ ಬಂದು ನಿಲ್ಲುತ್ತದೆ. ಎರಡನ್ನೂ ಒಂದೇ ವಾರದಲ್ಲಿ ಕೇಳಿದವರಿಗೆ ಜಲಾಲಸಾಬ ತತ್ವಪದ ಕಟ್ಟಿದ್ದರಲ್ಲಿ ಅಚ್ಚರಿ ಕಾಣದು.

ಇಂಥ ಹಾಡಿಗೆ ಟಿಕೆಟ್ಟು ಇಟ್ಟ ಊರೂ ಇದೆ. ಚೀನಾದ ಯುನ್ನಾನ್ ಪ್ರಾಂತ್ಯದಲ್ಲಿ ಲಿಜಿಯಾಂಗ್ ಎಂಬ ಹಳೆಯ ಪೇಟೆಯಿದೆ. 1997ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಅಲ್ಲಿನ ನಾಶಿ ಜನರ ಮುದುಕರು ನಿಲುವಂಗಿ ತೊಟ್ಟು ದೊಂಗ್‌ಜಿಂಗ್ ಎಂಬ ಪುರಾತನ ಸಂಗೀತ ನುಡಿಸುತ್ತಾರೆ. ಮೊದಲು ಅದು ಧರ್ಮಗ್ರಂಥ ಪಠಿಸುವ ಕೂಟಗಳ ಪೂಜಾ ಸಂಗೀತ. ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲಿ ನಿಂತೇಹೋಗಿತ್ತು, ಆಮೇಲೆ ಪ್ರವಾಸಿಗರ ಮುಂದೆ ಸಂಜೆಯ ಕಛೇರಿಯಾಗಿ ಮರಳಿತು. ಟಿಕೆಟ್ಟಿನ ಹಣವೇ ಆ ಸಂಗೀತವನ್ನು ಉಳಿಸಿತು ಎನ್ನುವವರಿದ್ದಾರೆ, ಆ ಮಾತಿನಲ್ಲಿ ಹುರುಳಿದೆ. ಆದರೆ ಕಲಬುರಗಿಗೆ ಆ ದಾರಿ ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಉಣ್ಣಲು ಕರೆದು ಹಾಡು ಕೇಳಿಸುವ ಊರಿನಲ್ಲಿ ಬಾಗಿಲಿಗೆ ಕೌಂಟರ್ ಹಾಕಿದರೆ ದಾಸೋಹದ ಅರ್ಥವೇ ಹೋಗುತ್ತದೆ. ಬೇಕಾದದ್ದು ಮೇಳದವರಿಗೆ ಬಸ್ಸಿನ ಖರ್ಚು, ಮಾಸಾಶನ, ಮತ್ತು ಪಕ್ಕದಲ್ಲಿ ಕೂತು ಕಲಿಯುವ ಹುಡುಗ-ಹುಡುಗಿಯರು.

ಎರಡನೆಯ ದಿನಕ್ಕೆ ಹುಮನಾಬಾದ್ ರಸ್ತೆ ಹಿಡಿಯಿರಿ. ಕುರಿಕೋಟಾ ಸೇತುವೆ ದಾಟಿ ಸ್ವಲ್ಪ ಮುಂದೆ ಹೋದರೆ ಕಮಲಾಪುರ. ಭೌಗೋಳಿಕ ಗುರುತು ಪಡೆದ ಕೆಂಪು ಬಾಳೆಯ ಊರು. ಗೊನೆ ಕೈಗೆ ಬರಲು ಸುಮಾರು ಒಂದೂವರೆ ವರ್ಷ ಬೇಕು, ಹಾಗಾಗಿ ದರವೂ ಹೆಚ್ಚು. ಸಿಪ್ಪೆ ಕಡುಗೆಂಪು, ಒಳಗೆ ಬೆಣ್ಣೆ ಬಣ್ಣ. ಕೊಂಡು ತಿನ್ನಿ, ಬೆಲೆಗೆ ತಕ್ಕ ಹಣ್ಣು. ಅದೇ ರಸ್ತೆ ಮುಂದೆ ಹುಮನಾಬಾದಿನ ಮಾಣಿಕನಗರಕ್ಕೆ ಹೋಗುತ್ತದೆ. 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಕನ್ನಡ, ಮರಾಠಿ, ಹಿಂದಿ ಮಾತುಗಳಲ್ಲಿ ಪದ ಕಟ್ಟಿದವರು, ಎಲ್ಲ ಮತವೂ ಒಂದೇ ಎಂಬ ಸಕಲಮತ ಸಂಪ್ರದಾಯದವರು. ದತ್ತ ಜಯಂತಿಯ ದರ್ಬಾರಿನಲ್ಲಿ ಹಿಂದೂಸ್ತಾನಿ ಸಂಗೀತದ ದೊಡ್ಡ ದೊಡ್ಡವರು ಬಂದು ಸೇವೆಯೆಂದು ಹಾಡಿದ್ದಾರೆ.

ಹೋಗುವ ಹೊತ್ತನ್ನು ಮಾತ್ರ ನೋಡಿಕೊಳ್ಳಿ. ದತ್ತ ಜಯಂತಿ ಡಿಸೆಂಬರ್ ಆಸುಪಾಸು, ಆಗ ಬಿಸಿಲಿನ ಭಯವಿಲ್ಲ. ಶ್ರಾವಣದಲ್ಲಿ ಶರಣಬಸವೇಶ್ವರ ಸಂಸ್ಥಾನದ ಶಿವಾನುಭವ ಮಂಟಪದ ಉಪನ್ಯಾಸಮಾಲೆ ನಡೆಯುತ್ತದೆ. ಹೋಳಿಯಾದ ಐದನೆಯ ದಿನ ರಥೋತ್ಸವ. ಪೀಠಾಧಿಪತಿಗಳು ಪರುಷ ಬಟ್ಟಲು ಎಂಬ ಪೂಜ್ಯ ಬಟ್ಟಲನ್ನು ಎತ್ತಿ ತೋರಿಸಿದ ಮೇಲೆ ತೇರು ಹೊರಡುತ್ತದೆ, ಜನ ಉತ್ತತ್ತಿ ಬಾಳೆಹಣ್ಣು ಎಸೆಯುತ್ತಾರೆ. ಆ ದಿನಗಳಲ್ಲಿ ಹಳ್ಳಿಹಳ್ಳಿಯ ಮೇಳಗಳು ಪಾದಯಾತ್ರೆಯಲ್ಲಿ ಹಾಡುತ್ತಲೇ ಬರುತ್ತವೆ. ಬಿಸಿಲು ಜೋರಿರುತ್ತದೆ, ಹಗಲು ಅಪ್ಪನ ಕೆರೆಯ ದಂಡೆಯ ನೆರಳು ಹಿಡಿಯಿರಿ. ವಾಪಸಿನ ಟಿಕೆಟ್ಟನ್ನು ಮಾರನೆಯ ಬೆಳಗಿಗೆ ಮಾಡಿಸಿ. ಒಳ್ಳೆಯ ಪದಗಳು ಶುರುವಾಗುವುದು ನಡುರಾತ್ರಿ ಕಳೆದ ಮೇಲೆ.